ಮೋಟಾರು ಕೂರಿಸಿದ ಸೈಕಲ್ಲು, ಕೊಡಗಿನ ರಸ್ತೆ

(ಗೋಣಿಕೊಪ್ಪದಲ್ಲಿ ನಡೆದ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಮಕ್ಕಳಿಗೆ ಬ್ಯಾಟರಿ ಸೈಕಲ್ ಕೊಡಿಸಿದವರು ಇದ್ದೀರಿ. ಸೈಕಲ್ ರಿಪೇರಿ ಅಂಗಡಿ ಇಟ್ಟವರು ಇದ್ದೀರಿ. ತೋಟಕ್ಕೆ, ಪೇಟೆಗೆ ಓಡಾಡಲು ಪೆಟ್ರೋಲ್ ಖರ್ಚಿಲ್ಲದ ಒಂದು ಗಾಡಿ ಸಾಕು ಅನ್ನುವವರೂ ಇದ್ದೀರಿ. ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಲೈಸೆನ್ಸ್ ಬೇಡ ಅಲ್ವಾ?"

ಕೆಲವಕ್ಕೆ ಬೇಡ, ಕೆಲವಕ್ಕೆ ಬೇಕು. ನೋಡಲು ಮಾತ್ರ ಎರಡೂ ಒಂದೇ ಥರ ಇರುತ್ತವೆ. ಅದೇ ಹ್ಯಾಂಡಲ್, ಅದೇ ಪೆಡಲ್, ಹಿಂದಿನ ಚಕ್ರದ ನಡುವೆ ಒಂದು ದಪ್ಪ ಹಬ್. ಒಂದನ್ನು ಕಾನೂನು ಸೈಕಲ್ ಅನ್ನುತ್ತದೆ. ಇನ್ನೊಂದು ನಂಬರ್ ಪ್ಲೇಟ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ. ನಿಮ್ಮ ಮನೆಯಲ್ಲಿರುವುದು ಯಾವುದು ಅಂತ ನಿಮಗೆ ಗೊತ್ತಿರಬೇಕು. ನಮ್ಮ ಜಿಲ್ಲೆಯಲ್ಲಿ ಇದು ಬೇರೆ ಕಡೆಗಿಂತ ಜಾಸ್ತಿ ಮುಖ್ಯ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಗೆರೆ ಎಲ್ಲಿದೆ ಅಂತ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಮೋಟಾರು ವಾಹನ ಅಂದರೆ ಏನು ಅಂತ ಬರೆದಿದ್ದಾರೆ. ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು, ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನ ಅಲ್ಲ. ಇದು ಎಂಜಿನ್ ಗಾಡಿಯ ಮಾತು. ಬ್ಯಾಟರಿಗೆ ಸಿಸಿ ಇಲ್ಲವಲ್ಲ, ಅದಕ್ಕೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬೇರೆ ಅಳತೆ ಇಟ್ಟಿದ್ದಾರೆ. ಮೋಟಾರಿನ ಅರ್ಧ ಗಂಟೆಯ ಶಕ್ತಿ 250 ವಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕೆಜಿ ದಾಟಬಾರದು. ಪೆಡಲ್ ತುಳಿದಾಗ ಮೋಟಾರು ನೆರವಾಗುವ ಸೈಕಲ್ ಆದರೆ, ವೇಗ 25ರ ಹತ್ತಿರ ಬಂದ ಹಾಗೆ ಮೋಟಾರಿನ ಬಲ ತಾನಾಗಿ ಇಳಿಯುತ್ತಾ ಹೋಗಿ ಪೂರ್ತಿ ನಿಲ್ಲಬೇಕು. ತುಳಿಯುವುದು ನಿಲ್ಲಿಸಿದರೂ ನಿಲ್ಲಬೇಕು. ಸರಿಯಾದ ಬ್ರೇಕು, ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು.

ಅರ್ಧ ಗಂಟೆಯ ಶಕ್ತಿ ಅಂದರೆ ಮೋಟಾರು ಬಿಸಿಯಾಗಿ ಕೆಡದೆ ಅರ್ಧ ಗಂಟೆ ಒಂದೇ ಸಮನೆ ಕೊಡಬಲ್ಲ ಶಕ್ತಿ. ಏರಿನಲ್ಲಿ ಒಂದು ನಿಮಿಷ ಅದಕ್ಕಿಂತ ಜಾಸ್ತಿ ಎಳೆದರೆ ಅದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇದರ ಜೊತೆಗೆ ಇನ್ನೊಂದು ಷರತ್ತಿದೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಈ ಅಳತೆಗಳನ್ನು ಸರ್ಕಾರ ಗುರುತಿಸಿದ ಪರೀಕ್ಷಾ ಸಂಸ್ಥೆಯೊಂದು ನೋಡಿ ಒಪ್ಪಿರಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಅಂಥ ಸಂಸ್ಥೆಗಳು. ಆದ್ದರಿಂದ ಬ್ಯಾಟರಿ ಸೈಕಲ್ ಅಥವಾ ಕಡಿಮೆ ವೇಗದ ಬ್ಯಾಟರಿ ಸ್ಕೂಟರ್ ಕೊಳ್ಳುವಾಗ "ಲೈಸೆನ್ಸ್ ಬೇಡ ಸಾರ್" ಅನ್ನುವ ಬಾಯಿಮಾತು ಸಾಲದು. ಆ ಮಾಡೆಲ್‌ನ ಪರೀಕ್ಷಾ ಪತ್ರದ ನಕಲು ಕೇಳಿ ಇಸ್ಕೊಳ್ಳಿ. ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ರಸ್ತೆಯಲ್ಲಿ ಯಾರಾದರೂ ತಡೆದು ಕೇಳಿದರೆ ತೋರಿಸಲು ನಿಮ್ಮ ಹತ್ತಿರ ಇರುವುದು ಅದೊಂದೇ. ಹಳೇ ಸೈಕಲ್ಲಿಗೆ ಆನ್‌ಲೈನಿನಲ್ಲಿ ತರಿಸಿದ ಕಿಟ್ ಕೂರಿಸಿದರೆ ಅಂಥ ಪತ್ರ ಇರುವುದಿಲ್ಲ. 250 ವಾಟ್ ಒಳಗಿನ ಕಿಟ್ ಆದರೂ, ನಿಯಮದಲ್ಲಿ ಬರೆದಿರುವ ಪ್ರಕಾರ ನೋಡಿದರೆ ಮೋಟಾರು ವಾಹನ ಅಲ್ಲ ಅನ್ನುವ ರಿಯಾಯಿತಿ ಅದಕ್ಕೆ ತಾನಾಗಿ ಸಿಗುವುದಿಲ್ಲ.

ಪೆಡಲ್ ಇದ್ದರೆ ಸೈಕಲ್ ಅನ್ನುವ ನಂಬಿಕೆಯೂ ಬೇಡ. 1972ರಲ್ಲಿ ಬಂದ ಲೂನಾ ಮೊಪೆಡ್‌ಗೆ ಪೆಡಲ್ ಇತ್ತು. ನಮ್ಮ ಹಿರಿಯರು ಏರಿನಲ್ಲಿ ತುಳಿದುಕೊಂಡೇ ಹೋಗುತ್ತಿದ್ದರು. ಆದರೂ ಅದಕ್ಕೆ ನಂಬರ್ ಇತ್ತು, ಲೈಸೆನ್ಸ್ ಬೇಕಿತ್ತು. ಈಗ ಕೆಲವು ಹುಡುಗರು ಸೈಕಲ್ಲಿನ ಚೌಕಟ್ಟಿಗೆ ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಕೂರಿಸುತ್ತಾರೆ. ಅದು 49 ಸಿಸಿ ಇರಲಿ, 80 ಸಿಸಿ ಇರಲಿ, ಮೋಟಾರು ವಾಹನವೇ. ಕಂಪನಿಯಿಂದ ಮಾದರಿ ಒಪ್ಪಿಗೆ ಪಡೆದು ಬಂದದ್ದಲ್ಲವಾದ್ದರಿಂದ ಅದನ್ನು ರಿಜಿಸ್ಟರ್ ಮಾಡಿಸುವ ದಾರಿ ನಿಮಗೆ ಇಲ್ಲ. ನಮ್ಮ ಕೊಡಗಿನ ಕೆಎ 12 ನಂಬರ್ ಹಾಕಿಸಿಕೊಂಡು ಓಡಿಸುತ್ತೇನೆ ಅಂದರೂ ಆಗುವುದಿಲ್ಲ.

ಈಗ ಕೊಡಗಿಗೆ ಬರೋಣ. ಬಯಲುಸೀಮೆಯಲ್ಲಿ 250 ವಾಟ್ ಸಾಕೋ ಸಾಕು. ನಮ್ಮಲ್ಲಿ ಸಾಕಾಗುವುದಿಲ್ಲ ಅಂತ ಅನಿಸುತ್ತದೆ. ಆ ಅನಿಸಿಕೆ ಸುಳ್ಳಲ್ಲ. ಸವಾರ ಎಪ್ಪತ್ತು ಕೆಜಿ, ಸೈಕಲ್ ಇಪ್ಪತ್ತೈದು, ಚೀಲ ಐದು ಅಂದರೆ ಒಟ್ಟು 100 ಕೆಜಿ. ನೂರು ಮೀಟರ್ ಹೋದರೆ ಎಂಟು ಮೀಟರ್ ಎತ್ತರ ಏರುವ ರಸ್ತೆ. ಅಂಥ ಏರು ನಮ್ಮ ಪ್ರತಿ ಊರಿನಲ್ಲೂ ಇದೆ. ಅಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಲು ಬರೀ ಭಾರ ಎತ್ತುವುದಕ್ಕೇ ಸುಮಾರು 220 ವಾಟ್ ಬೇಕು. ಅಲ್ಲಿಗೆ ಮೋಟಾರಿನ ಶಕ್ತಿ ಬಹುಪಾಲು ಮುಗಿಯಿತು. ಪೆಡಲ್ ಹೊಡೆಯದೆ ಸುಮ್ನೆ ಕೂತವನಿಗೆ ನಡೆದು ಹೋಗುವವನಿಗಿಂತ ಎರಡು ಪಟ್ಟು ವೇಗ ಸಿಗುತ್ತದೆ, ಅಷ್ಟೇ.

ಸಂಪಾಜೆಯಿಂದ ಮಡಿಕೇರಿಗೆ ಹತ್ತುವುದು ಅಂದರೆ ಸಾವಿರ ಮೀಟರ್‌ನಷ್ಟು ಎತ್ತರ ಏರುವುದು. ಅದೇ ನೂರು ಕೆಜಿಯನ್ನು ಅಷ್ಟು ಎತ್ತರಕ್ಕೆ ಒಯ್ಯಲು 270 ವಾಟ್-ಅವರ್ ಬೇಕು. ಸಾಮಾನ್ಯ ಬ್ಯಾಟರಿ ಸೈಕಲ್ಲಿನಲ್ಲಿ 36 ವೋಲ್ಟ್, 10 ಆಂಪಿಯರ್-ಅವರ್, ಅಂದರೆ 360 ವಾಟ್-ಅವರ್ ಇರುತ್ತದೆ. ಮೋಟಾರಿನಲ್ಲಿ ಬಿಸಿಯಾಗಿ ಹೋಗುವುದನ್ನು ಸೇರಿಸಿದರೆ ಘಾಟಿ ಮುಗಿಯುವಷ್ಟರಲ್ಲಿ ಬ್ಯಾಟರಿ ಖಾಲಿ.

ಇದನ್ನು ಕಂಡ ತಕ್ಷಣ ಮನುಷ್ಯ ಏನು ಮಾಡುತ್ತಾನೆ? ಜಾಸ್ತಿ ವಾಟ್ ಇರುವ ಮೋಟಾರು ಹುಡುಕುತ್ತಾನೆ. 750, 1000, 1500 ವಾಟ್ ಕಿಟ್ ತರಿಸುತ್ತಾನೆ. ಇನ್ನು ಕೆಲವರು ಕಂಪನಿ ಸೈಕಲ್ಲಿನ ವೇಗ ಮಿತಿಯನ್ನೇ ತೆಗೆಸುತ್ತಾರೆ. ಸೀಟಿನ ಕೆಳಗೆ ಅಥವಾ ಚೌಕಟ್ಟಿಗೆ ಅಂಟಿಕೊಂಡು ಒಂದು ಅಲ್ಯೂಮಿನಿಯಂ ಡಬ್ಬಿ ಇರುತ್ತದೆ, ಕಂಟ್ರೋಲರ್. ಹಲವು ಕಂಟ್ರೋಲರ್‌ಗಳಲ್ಲಿ ಎಲ್ಲಿಗೂ ಹೋಗದೆ ತನಗೆ ತಾನೇ ಸೇರಿಕೊಂಡ ಒಂದು ಗಿಡ್ಡ ವೈರು ಇರುತ್ತದೆ, ನಡುವೆ ಸಣ್ಣ ಪ್ಲಾಸ್ಟಿಕ್ ಕಪ್ಲರ್. ಬಣ್ಣ ಒಂದೊಂದು ಕಂಪನಿಯಲ್ಲಿ ಒಂದೊಂದು. ಆ ಕಪ್ಲರ್ ಬಿಚ್ಚಿದರೆ ಮಿತಿ ಹೋಯಿತು. ಉಗುರಿನಲ್ಲಿ ಒತ್ತಿ ಎಳೆಯುವ ಕೆಲಸ, ಸ್ಪಾನರೂ ಬೇಡ. ಹುಡುಗರಿಗೆ ಮೊಬೈಲಿನಲ್ಲಿ ನೋಡಿಯೇ ಗೊತ್ತಾಗುತ್ತದೆ. ಆದರೆ ಕಪ್ಲರ್ ಬಿಚ್ಚಿದ ಕ್ಷಣದಿಂದ ಆ ಗಾಡಿಗೆ ಲೈಸೆನ್ಸ್ ಬೇಕು, ರಿಜಿಸ್ಟ್ರೇಷನ್ ಬೇಕು, ಇನ್ಶೂರೆನ್ಸ್ ಬೇಕು, ತಲೆಗೆ ಐಎಸ್‌ಐ ಗುರುತಿನ ಬೈಕ್ ಹೆಲ್ಮೆಟ್ ಬೇಕು. ಇವುಗಳಲ್ಲಿ ಮೊದಲಿನದೂ ಕೊನೆಯದೂ ನಿಮ್ಮ ಹತ್ತಿರ ಇರಬಹುದು. ನಡುವಿನ ಎರಡು ಆ ಗಾಡಿಗೆ ಯಾವತ್ತೂ ಸಿಗುವುದಿಲ್ಲ.

ರಿಪೇರಿ ಅಂಗಡಿಯ ಅಣ್ಣಂದಿರಿಗೆ ಒಂದು ಮಾತು. ಗಿರಾಕಿ ಕೇಳಿದ, ನೂರಿನ್ನೂರು ಕೊಟ್ಟ, ಬಿಚ್ಚಿಕೊಟ್ಟೆ ಅನ್ನಬೇಡಿ. ವಾಹನವನ್ನು ಒಪ್ಪಿಗೆ ಇಲ್ಲದೆ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ 182ಎ ಸೆಕ್ಷನ್ ಹೇಳುತ್ತದೆ. ದಂಡ ಗಿರಾಕಿಗೆ ಬೀಳಬಹುದು. ಆದರೆ ಅಪಘಾತ ಆದಾಗ "ಇದನ್ನು ಬಿಚ್ಚಿದವರು ಯಾರು?" ಅನ್ನುವ ಪ್ರಶ್ನೆ ನಿಮ್ಮ ಅಂಗಡಿ ಬಾಗಿಲಿಗೇ ಬರುತ್ತದೆ.

ಹಾಗಾದರೆ ಏರು ಹತ್ತುವುದು ಹೇಗೆ? ಕಾನೂನಿನ ಒಳಗೇ ದಾರಿ ಇದೆ. ನಿಯಮ ಕಟ್ಟಿಹಾಕಿರುವುದು ಮೋಟಾರಿನ ಶಕ್ತಿಯನ್ನು, ಬ್ಯಾಟರಿಯ ಗಾತ್ರವನ್ನಲ್ಲ. ದೊಡ್ಡ ಬ್ಯಾಟರಿ ಇರುವ ಮಾಡೆಲ್ ತೆಗೆದುಕೊಳ್ಳಬಹುದು. ಗೇರ್ ಇರುವ ಸೈಕಲ್ಲೇ ತೆಗೆದುಕೊಳ್ಳಿ. ಅದರಲ್ಲೂ ಮೋಟಾರು ಪೆಡಲಿನ ಹತ್ತಿರ ಕೂತು ಚೈನಿನ ಮೂಲಕ ಎಳೆಯುವ ಮಾದರಿ ಸಿಕ್ಕರೆ ನಮ್ಮ ರಸ್ತೆಗೆ ಅದೇ ಒಳ್ಳೆಯದು. ನೀವು ಸಣ್ಣ ಗೇರಿಗೆ ಇಳಿಸಿದಾಗ ಮೋಟಾರಿಗೂ ಆ ಗೇರಿನ ಲಾಭ ಸಿಗುತ್ತದೆ. ಚಕ್ರದೊಳಗಿನ ಹಬ್ ಮೋಟಾರಿಗೆ ಆ ಅನುಕೂಲ ಇಲ್ಲ, ಏರಿನಲ್ಲಿ ನಿಧಾನವಾದಷ್ಟೂ ಅದು ಬಿಸಿಯಾಗುತ್ತದೆ. ಮತ್ತೆ ತುಳಿಯಿರಿ. ಸಾಧಾರಣ ಆರೋಗ್ಯ ಇರುವವರು 75ರಿಂದ 100 ವಾಟ್ ಕೊಡಬಲ್ಲರು. ಮೋಟಾರಿನ ಜೊತೆ ಅದು ಸೇರಿದರೆ ಅದೇ ಏರನ್ನು 12, 13ರ ವೇಗದಲ್ಲಿ ಹತ್ತಬಹುದು. ಕುಶಾಲನಗರದಿಂದ ಮಡಿಕೇರಿಗೆ ಬರಲು ಅಷ್ಟು ಧಾರಾಳ ಸಾಕು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದ ವಿಷಯ.

ದಂಡದ ಬಗ್ಗೆ ಎಲ್ಲರಿಗೂ ಭಯ ಇದೆ. ಲೈಸೆನ್ಸ್ ಇಲ್ಲದಿದ್ದರೆ ಕಾಯ್ದೆಯ ಪ್ರಕಾರ 5,000, ರಿಜಿಸ್ಟ್ರೇಷನ್ ಇಲ್ಲದಿದ್ದರೆ ಮೊದಲ ಸಲ 5,000ದವರೆಗೆ, ಇನ್ಶೂರೆನ್ಸ್ ಇಲ್ಲದಿದ್ದರೆ 2,000. ಕಟ್ಟಿದರೆ ಮುಗಿಯಿತು. ನನಗೆ ಭಯ ಇರುವುದು ದಂಡದ ಬಗ್ಗೆ ಅಲ್ಲ. ಸಂಜೆ ಹೊತ್ತು ತೋಟದ ಕೆಲಸ ಮುಗಿಸಿ ಲೈನ್ ಮನೆಗೆ ನಡೆದು ಹೋಗುತ್ತಿರುವ ಒಬ್ಬ ಹೆಂಗಸಿಗೆ ಈ ಗಾಡಿ ಗುದ್ದಿತು ಅಂತ ಇಟ್ಟುಕೊಳ್ಳಿ. ಸೊಂಟದ ಮೂಳೆ ಮುರಿಯಿತು. ಮಡಿಕೇರಿಯಲ್ಲಿ ಆಗದೆ ಮೈಸೂರಿಗೋ ಮಂಗಳೂರಿಗೋ ಕರೆದುಕೊಂಡು ಹೋದರು. ಆರು ತಿಂಗಳು ಕೂಲಿ ಇಲ್ಲ.

ಗುದ್ದಿದ್ದು ಇನ್ಶೂರೆನ್ಸ್ ಇರುವ ಬೈಕ್ ಆಗಿದ್ದರೆ ಆಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾಳೆ, ಕಂಪನಿ ದುಡ್ಡು ಕಟ್ಟುತ್ತದೆ. ಗುದ್ದಿದ್ದು 1000 ವಾಟ್ ಕಿಟ್ ಕೂರಿಸಿದ ಸೈಕಲ್ ಆಗಿದ್ದರೂ ಆಕೆ ಅದೇ ನ್ಯಾಯಮಂಡಳಿಗೆ ಹೋಗಬಹುದು, ಯಾಕೆಂದರೆ ಕಾನೂನಿನ ಕಣ್ಣಿನಲ್ಲಿ ಅದು ಮೋಟಾರು ವಾಹನ. ಆದರೆ ಅಲ್ಲಿ ಕಟ್ಟಬೇಕಾದವರು ಮಾಲೀಕರು, ಸ್ವಂತ ಜೇಬಿನಿಂದ. ಕಟ್ಟದಿದ್ದರೆ? 174ನೇ ಸೆಕ್ಷನ್ ಪ್ರಕಾರ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪತ್ರ ಕೊಡಬಹುದು. ಜಿಲ್ಲಾಧಿಕಾರಿ ಆ ಹಣವನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬೇಕು. ಭೂಕಂದಾಯದ ಬಾಕಿ ಅಂದರೆ ಏನು ಅಂತ ಇಲ್ಲಿರುವ ಬೆಳೆಗಾರರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೈ ಇಡುವುದು ಆಸ್ತಿಗೇ.

ಮಾಲೀಕನಿಗೆ ಆಸ್ತಿಯೇ ಇಲ್ಲದಿದ್ದರೆ ಇನ್ನೂ ಕಷ್ಟ. ಆಗ ಆ ಹೆಂಗಸಿನ ಕೈಗೆ ತೀರ್ಪಿನ ಕಾಗದ ಬರುತ್ತದೆ, ದುಡ್ಡು ಬರುವುದಿಲ್ಲ. ಇನ್ಶೂರೆನ್ಸ್ ಕಡ್ಡಾಯ ಮಾಡಿರುವುದೇ ಆಕೆಗೋಸ್ಕರ, ನಮಗೋಸ್ಕರ ಅಲ್ಲ. ಕಪ್ಲರ್ ಬಿಚ್ಚುವಾಗ ನಾವು ಆಕೆಗೆ ಇದ್ದ ಆ ಒಂದು ಆಸರೆಯನ್ನು ತೆಗೆದುಹಾಕುತ್ತಿದ್ದೇವೆ.

ಕಾನೂನಿನ ಒಳಗಿರುವ 250 ವಾಟ್ ಸೈಕಲ್ ಸವಾರರೂ ಬೀಗಬೇಡಿ. ನಿಮಗೆ ಇನ್ಶೂರೆನ್ಸ್ ಕಡ್ಡಾಯ ಇಲ್ಲ ಅಷ್ಟೇ, ಹೊಣೆ ಇಲ್ಲ ಅಂತಲ್ಲ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಅಡ್ಡಾದಿಡ್ಡಿ, ಅಜಾಗರೂಕ ಸವಾರಿಯ ಬಗ್ಗೆ ಹೇಳುವಾಗ "ಯಾವುದೇ ವಾಹನ" ಅನ್ನುತ್ತದೆ. ಮೋಟಾರು ಇರಬೇಕು ಅಂತ ಅಲ್ಲಿ ಎಲ್ಲೂ ಇಲ್ಲ.

ಮಕ್ಕಳ ವಿಷಯ. ಲೈಸೆನ್ಸಿಗೆ 18 ವರ್ಷ ಆಗಬೇಕು. 50 ಸಿಸಿ ಮೀರದ ಗಾಡಿಗೆ ಮಾತ್ರ 16. ಹೈಸ್ಕೂಲಿನ ಹುಡುಗ ಮಿತಿ ಬಿಚ್ಚಿದ ಸೈಕಲ್ ಓಡಿಸಿ ಅಪರಾಧ ಮಾಡಿದರೆ ಅದು ಅಪ್ರಾಪ್ತ ವಯಸ್ಕ ಮೋಟಾರು ವಾಹನ ಓಡಿಸಿದ ಹಾಗೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. "ನನಗೆ ಗೊತ್ತಿರಲಿಲ್ಲ" ಅಂತ ಹೇಳಬಹುದು, ಆದರೆ ಅದನ್ನು ಸಾಬೀತು ಮಾಡುವ ಹೊಣೆ ನಿಮ್ಮದೇ. ಆದ್ದರಿಂದ ತಿಂಗಳಿಗೊಮ್ಮೆ ಸಮತಟ್ಟು ರಸ್ತೆಯಲ್ಲಿ ನೀವೇ ಓಡಿಸಿ ನೋಡಿ. ವೇಗ 25 ಆದ ಮೇಲೂ ಮೋಟಾರು ಎಳೆಯುತ್ತಿದೆ ಅಂದರೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ.

ಇನ್ನು ಇಳಿತ. 25ರ ಮಿತಿ ಮೋಟಾರಿಗೆ ಮಾತ್ರ. ಗುಡ್ಡಕ್ಕೆ ಯಾವ ಮಿತಿಯೂ ಇಲ್ಲ. ಮಡಿಕೇರಿಯಿಂದ ಸಂಪಾಜೆ ಕಡೆಗೋ, ವಿರಾಜಪೇಟೆಯಿಂದ ಮಾಕುಟ್ಟದ ಕಡೆಗೋ ಕೈ ಬಿಟ್ಟರೆ ಸೈಕಲ್ 50 ದಾಟುತ್ತದೆ. ವೇಗ 25ರಿಂದ 40 ಆದರೆ ನಿಲ್ಲಿಸಲು ಬ್ರೇಕು ಮಾಡಬೇಕಾದ ಕೆಲಸ ಎರಡೂವರೆ ಪಟ್ಟು ಆಗುತ್ತದೆ. ಬ್ಯಾಟರಿ, ಮೋಟಾರು ಸೇರಿ ಭಾರವೂ ಸಾದಾ ಸೈಕಲ್ಲಿಗಿಂತ ಜಾಸ್ತಿ. ಬೈಕಿನಲ್ಲಿ ಗೇರ್ ಇಳಿಸಿದರೆ ಎಂಜಿನ್ ಹಿಡಿದು ನಿಲ್ಲಿಸುತ್ತದೆ. ಸೈಕಲ್ಲಿನಲ್ಲಿ ಆ ಸೌಕರ್ಯ ಇಲ್ಲ. ಹೆಚ್ಚಿನ ಹಬ್ ಮೋಟಾರುಗಳು ಇಳಿತದಲ್ಲಿ ಸುಮ್ನೆ ತಿರುಗುತ್ತವೆ. ಇಡೀ ಘಾಟಿಯ ಭಾರ ಎರಡು ಜೊತೆ ಪ್ಯಾಡುಗಳ ಮೇಲೆ ಬೀಳುತ್ತದೆ.

ಹಾಗಾಗಿ ಡಿಸ್ಕ್ ಬ್ರೇಕ್ ಇಲ್ಲದ ಸೈಕಲ್ಲನ್ನು ಘಾಟಿಗೆ ಇಳಿಸಲೇಬೇಡಿ. ಪ್ಯಾಡ್ ಸವೆದದ್ದು ಕಣ್ಣಿಗೆ ಕಾಣುತ್ತದೆ. ಪ್ಯಾಡುಗಳು ಕೂತಿರುವ ಕ್ಯಾಲಿಪರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಕಬ್ಬಿಣದ ತಟ್ಟೆಯ ಮೇಲೆ ಕಪ್ಪು ಪದರ ಒಂದು ಮಿಲಿಮೀಟರ್‌ನಷ್ಟೂ ಉಳಿದಿಲ್ಲ ಅಂದರೆ ಅವತ್ತೇ ಬದಲಿಸಿ. ನಮ್ಮ ಮಳೆಗಾಲದ ಕೆಸರು ನೀರಿನಲ್ಲಿ ಹೊಸ ಪ್ಯಾಡ್ ಕೂಡ ಬೇಗ ಹೋಗುತ್ತದೆ. ಇಳಿಯುವಾಗ ಎರಡೂ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಬರಬೇಡಿ. ತಿರುವಿಗೆ ಮುಂಚೆ ಹಿಡಿದು ವೇಗ ಇಳಿಸಿ, ಬಿಡಿ, ಮತ್ತೆ ಹಿಡಿಯಿರಿ. ತಿರುವಿನ ಒಳಗೆ ಹಿಡಿಯಬೇಡಿ. ಸಿಲ್ವರ್ ಓಕಿನ ಒದ್ದೆ ಎಲೆ ಬಿದ್ದ ಜಾಗ ಸೋಪು ಹಚ್ಚಿದ ಕಲ್ಲಿನ ಹಾಗೆ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಆರಲು ಬಿಡಿ. ಡಿಸ್ಕ್ ಮುಟ್ಟಿ ನೋಡಬೇಡಿ, ಕೈ ಸುಟ್ಟು ಬೊಬ್ಬೆ ಬರುತ್ತದೆ. ಕಿರಿದಾದ ಏರು ರಸ್ತೆಯಲ್ಲಿ ಎದುರು ವಾಹನ ಬಂದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಇದು ನಿಯಮವೇ. ಸೌದೆ ಲಾರಿಗೆ ಮಾತ್ರ ಅಲ್ಲ, ಸೈಕಲ್ಲಿಗೂ ಬಿಡಬೇಕು, ಸೈಕಲ್ಲಿನವರೂ ಬಿಡಬೇಕು.

ಸದ್ದಿಲ್ಲದ ಗಾಡಿ ಅನ್ನುವುದನ್ನು ನಾವು ಒಳ್ಳೆಯ ಗುಣ ಅಂತ ಹೊಗಳುತ್ತೇವೆ. ಕೊಡಗಿನಲ್ಲಿ ಅದು ಒಂದು ಅಪಾಯವೂ ಹೌದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಗಿನ ಮಂಜಿನಲ್ಲಿ ಜನ ರಸ್ತೆ ಬದಿಯಲ್ಲೇ ಸಾಲಾಗಿ ನಡೆಯುತ್ತಾರೆ. ನಮಗೆ ಬದಿಯಲ್ಲಿ ಕಾಲುದಾರಿ ಅಂತ ಇಲ್ಲ. ಹಿಂದಿನಿಂದ ಬರುವ ಸೈಕಲ್ ಅವರಿಗೆ ಕೇಳುವುದೇ ಇಲ್ಲ. ಬೆಲ್ಲು ದೂರದಿಂದಲೇ ಹೊಡೆಯಿರಿ. ಹತ್ತಿರ ಬಂದು ಹೊಡೆದರೆ ಬೆಚ್ಚಿ ರಸ್ತೆಯ ನಡುವಿಗೇ ಜಿಗಿಯುತ್ತಾರೆ. ಮಂಜಿನಲ್ಲಿ ಹಗಲಾದರೂ ಮುಂದಿನ ದೀಪ, ಹಿಂದಿನ ಕೆಂಪು ದೀಪ ಹಾಕಿಕೊಂಡೇ ಹೋಗಿ.

ಆನೆಗೂ ಇದೇ ಮಾತು. ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಚೆಟ್ಟಳ್ಳಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಬೈಕ್ ಬರುವುದು ಆನೆಗೆ ಮೊದಲೇ ಕೇಳಿಸುತ್ತದೆ, ಎಷ್ಟೋ ಸಲ ಅದೇ ಸರಿದು ಹೋಗುತ್ತದೆ. ಬ್ಯಾಟರಿ ಸೈಕಲ್ ತಿರುವು ದಾಟಿ ಹತ್ತಿರ ಬರುವವರೆಗೆ ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ತೋಟದ ನಡುವಿನ ತಿರುವಿಗೆ ಮುಂಚೆ ಬೆಲ್ಲು ಹೊಡೆಯಿರಿ, ವೇಗ ಇಳಿಸಿ. ಆನೆ ಕಂಡ ಮೇಲೆ ಬೆಲ್ಲೂ ಬೇಡ, ದೀಪ ಕಣ್ಣಿಗೆ ಬಿಡುವುದೂ ಬೇಡ. ದೂರದಲ್ಲೇ ನಿಂತು ತಿರುಗಿಸಿಕೊಳ್ಳಿ. ಏರಿನಲ್ಲಿ ಈ ಸೈಕಲ್ಲಿನ ವೇಗ 10 ಅಂತ ಆಗಲೇ ಲೆಕ್ಕ ಹಾಕಿದೆವಲ್ಲ, ಆನೆ ಅದಕ್ಕಿಂತ ಎಷ್ಟೋ ಜೋರಾಗಿ ಓಡುತ್ತದೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ಆ ರಸ್ತೆಗಳಲ್ಲಿ ಈ ಗಾಡಿ ತೆಗೆದುಕೊಂಡು ಹೋಗದಿರುವುದೇ ಸರಿ.

ಇಷ್ಟು ನಾನು ಹೇಳಿದ್ದು. ಆಮೇಲೆ ಸಭಿಕರು ಕೇಳಿದರು.

ಒಬ್ಬ ಅಕ್ಕ ಕೇಳಿದ್ದು ಚಾರ್ಜಿಂಗ್ ಬಗ್ಗೆ. ಮಳೆಯಲ್ಲಿ ನೆನೆದ ಬ್ಯಾಟರಿಯನ್ನು ತಂದ ತಕ್ಷಣ ಚಾರ್ಜಿಗೆ ಹಾಕಬೇಡಿ. ಒರೆಸಿ, ಪಿನ್ನಿನ ಜಾಗ ಪೂರ್ತಿ ಒಣಗಿದ ಮೇಲೆ ಹಾಕಿ. ಕಂಪನಿ ಕೊಟ್ಟ ಚಾರ್ಜರ್ ಒಂದನ್ನೇ ಬಳಸಿ. ಕಾಫಿ ಮೂಟೆ, ಪೆಟ್ರೋಲ್ ಕ್ಯಾನ್ ಇಟ್ಟ ಗೋದಾಮಿನಲ್ಲಾಗಲಿ, ಮಲಗುವ ಕೋಣೆಯ ಬಾಗಿಲ ಬಳಿಯಾಗಲಿ ರಾತ್ರಿಯಿಡೀ ಚಾರ್ಜಿಗೆ ಬಿಡಬೇಡಿ. ಬಿದ್ದು ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬೇಡಿ.

ಅಪಘಾತ ಕಂಡಾಗ ನಿಂತು ಸಹಾಯ ಮಾಡಿದರೆ ನಮ್ಮ ಮೇಲೇ ಕೇಸ್ ಬೀಳುತ್ತದಾ ಅಂತ ಒಬ್ಬ ಹುಡುಗ ಕೇಳಿದ. ಬೀಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ನಿನ್ನನ್ನು ಕಾಪಾಡುತ್ತದೆ. ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಧೈರ್ಯವಾಗಿ ನಿಲ್ಲಪ್ಪ.

ಕೊನೆಗೆ ಒಬ್ಬ ಬೆಳೆಗಾರರು ಕೇಳಿದರು: "ನಾವು 1000 ವಾಟಿನದು ತೋಟದ ಒಳಗೆ ಮಾತ್ರ ಓಡಿಸುವುದು. ರಸ್ತೆಗೆ ತರುವುದಿಲ್ಲ. ಆಗಲೂ ಬೇಕಾ ಇದೆಲ್ಲ?"

ಒಳ್ಳೆಯ ಪ್ರಶ್ನೆ. ಲೈಸೆನ್ಸ್, ಇನ್ಶೂರೆನ್ಸ್ ಎರಡರ ಸೆಕ್ಷನ್ನೂ ಸಾರ್ವಜನಿಕ ಸ್ಥಳ ಅನ್ನುತ್ತವೆ. ಆದರೆ ರಿಜಿಸ್ಟ್ರೇಷನ್ನಿನ 39ನೇ ಸೆಕ್ಷನ್ "ಸಾರ್ವಜನಿಕ ಸ್ಥಳ ಅಥವಾ ಬೇರೆ ಯಾವುದೇ ಸ್ಥಳ" ಅನ್ನುತ್ತದೆ. ಅದೂ ಅಲ್ಲದೆ ಜನರಿಗೆ ಓಡಾಡುವ ಹಕ್ಕಿರುವ ದಾರಿಯೆಲ್ಲ ಸಾರ್ವಜನಿಕ ಸ್ಥಳವೇ, ಅದು ಟಾರು ರಸ್ತೆಯೇ ಆಗಬೇಕಿಲ್ಲ. ನಿಮ್ಮ ತೋಟದ ನಡುವೆ ಆದಿವಾಸಿಗಳ ಹಾಡಿಗೆ ಹೋಗುವ ದಾರಿ ಇದೆಯಾ, ಪಕ್ಕದ ಗದ್ದೆಯವರು ಅದೇ ದಾರಿಯಲ್ಲಿ ಬರುತ್ತಾರಾ ಅಂತ ನಾನು ಅವರನ್ನು ಕೇಳಿದೆ. ಎರಡೂ ಇದೆ ಅಂದರು. ಹಾಗಿದ್ದರೆ ಆ ಮೋಟಾರನ್ನು ಬಿಚ್ಚಿಸಿ, ಪರೀಕ್ಷೆ ಆದ 250 ವಾಟಿನ ಗೇರ್ ಸೈಕಲ್ ತೆಗೆದುಕೊಳ್ಳಿ, ಭಾರದ ಕೆಲಸಕ್ಕೆ ನಂಬರ್ ಇರುವ ಮೊಪೆಡ್ ಇಟ್ಟುಕೊಳ್ಳಿ ಅಂತ ಹೇಳಿದೆ. ಬಿಚ್ಚಿದ ಮೋಟಾರನ್ನು ಇನ್ನೊಬ್ಬರಿಗೆ ಮಾರಬಹುದಾ ಅಂತ ಹಿಂದಿನ ಸಾಲಿನಿಂದ ಕೇಳಿದರು. ರಸ್ತೆಯಲ್ಲಿ ಓಡಿಸುವ ಸೈಕಲ್ಲಿಗೆ ಅಂತ ಕೊಡಬೇಡಿ ಅಂದೆ.